ಮೈಟೊಕಾಂಡ್ರಿಯಾದ ಮೂಲ: ಮೈಕೆಲ್ ಗ್ರೇ ಸಂಶೋಧನೆ

ಆಮ್ಲಜನಕ ಬಳಸಿ ಜೀವಕೋಶಕ್ಕೆ ಬೇಕಾದ ಶಕ್ತಿಯ ಬಹುಪಾಲನ್ನು ಎಟಿಪಿ ರೂಪದಲ್ಲಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಇದೆ. ಅದು ಎಲ್ಲಿಂದ ಬಂತೆಂದು ಸಾಕ್ಷ್ಯಸಮೇತ ತೋರಿಸಿದವರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನ ಡಾಲ್‌ಹೌಸಿ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಮೈಕೆಲ್ ಡಬ್ಲ್ಯೂ. ಗ್ರೇ ಪ್ರಮುಖರು.

ಹಿನ್ನೆಲೆ

ಹಿಂದೆ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾವೊಂದು ಇನ್ನೊಂದು ಕೋಶದೊಳಗೆ ನೆಲೆಸಿ ಮೈಟೊಕಾಂಡ್ರಿಯಾ ಆಯಿತು ಎಂಬ ಹಳೆಯ ವಾದಕ್ಕೆ 1967ರಲ್ಲಿ ಅಮೆರಿಕದ ಲಿನ್ ಮಾರ್ಗುಲಿಸ್ ಮರುಜೀವ ಕೊಟ್ಟರು. ಅದನ್ನು ಒರೆಗೆ ಹಚ್ಚಲು ಜೀನ್‌ಗಳನ್ನು ಹೋಲಿಸಬೇಕಿತ್ತು. ಆದರೆ ಪ್ರಾಣಿಗಳಲ್ಲಿ ಮೈಟೊಕಾಂಡ್ರಿಯಾದ ಡಿಎನ್‌ಎ ಬೇಗ ಬದಲಾಗುತ್ತದೆ. ಮನುಷ್ಯರಲ್ಲಿ ಅದರ ಉದ್ದ 16,569 ಬೇಸ್ ಜೋಡಿ, ಉಳಿದಿರುವ ಜೀನ್‌ಗಳು ಬರೀ 37. ಹಳೆಯ ಗುರುತುಗಳು ಅಲ್ಲಿ ಬಹುಮಟ್ಟಿಗೆ ಅಳಿಸಿಹೋಗಿವೆ.

ಗೋಧಿಯ ಸಾಕ್ಷ್ಯ

ಗ್ರೇ ಅವರ ನೆರವಿಗೆ ಬಂದದ್ದು ಗೋಧಿ. ಸಸ್ಯಗಳ ಮೈಟೊಕಾಂಡ್ರಿಯಾದ ಜೀನ್‌ಗಳು ನಿಧಾನವಾಗಿ ಬದಲಾಗುತ್ತವೆ. ಗೋಧಿ ಕಾಳಿನ ಭ್ರೂಣದಿಂದ ಮೈಟೊಕಾಂಡ್ರಿಯಾವನ್ನು ಬೇರ್ಪಡಿಸಿ, ಅದರ ರೈಬೋಸೋಮ್‌ನ ಆರ್‌ಎನ್‌ಎಯನ್ನು ಕಿಣ್ವದಿಂದ ತುಂಡರಿಸಿ, ಆ ತುಣುಕುಗಳ ಪಟ್ಟಿಯನ್ನು ಬ್ಯಾಕ್ಟೀರಿಯಾಗಳ ಪಟ್ಟಿಯೊಂದಿಗೆ ತಾಳೆ ನೋಡಲಾಯಿತು. ಲಿಂಡಾ ಬೋನೆನ್, ಫೋರ್ಡ್ ಡೂಲಿಟಲ್ ಮೊದಲಾದವರೊಡನೆ 1977ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈಟೊಕಾಂಡ್ರಿಯಾದ ಆರ್‌ಎನ್‌ಎ ಬ್ಯಾಕ್ಟೀರಿಯಾದ್ದನ್ನು ಹೋಲುತ್ತಿತ್ತು. ಅದೇ ಗೋಧಿಯ ಕೋಶದ್ರವದಲ್ಲಿದ್ದ ಆರ್‌ಎನ್‌ಎ ಹೋಲುತ್ತಿರಲಿಲ್ಲ. 1985ರಲ್ಲಿ ಕಾರ್ಲ್ ವೋಸ್ ಮತ್ತು ಸಂಗಡಿಗರು ಇನ್ನೂ ನಿಖರವಾಗಿ, ಇಂದು ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾ ಎನ್ನುವ ಗುಂಪಿನತ್ತ ಬೊಟ್ಟುಮಾಡಿದರು.

ಆರ್‌ಎನ್‌ಎ ತಿದ್ದುಪಡಿ

ಗೋಧಿಯ ಮೈಟೊಕಾಂಡ್ರಿಯಾದಲ್ಲಿ ಒಂದು ಒಗಟೂ ಇತ್ತು. ಪ್ರೋಟೀನಿನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಬರಬೇಕಾದ ಕೆಲವು ಕಡೆ ಜೀನ್‌ನಲ್ಲಿ ಅರ್ಜಿನೈನ್ ಸೂಚಿಸುವ ‘ಸಿಜಿಜಿ’ ಕಾಣುತ್ತಿತ್ತು. ಸಂಕೇತದ ಅರ್ಥವೇ ಸಸ್ಯಗಳಲ್ಲಿ ಬೇರೆಯೆಂದು ಊಹಿಸಲಾಗಿತ್ತು. ಡಿಎನ್‌ಎಯಿಂದ ಆರ್‌ಎನ್‌ಎ ತಯಾರಾದ ಮೇಲೆ ‘ಸಿ’ಯನ್ನು ‘ಯು’ ಆಗಿ ತಿದ್ದಲಾಗುತ್ತದೆ, ಹಾಗಾಗಿ ಸಂಕೇತ ಎಂದಿನಂತೆಯೇ ಇದೆ ಎಂದು 1989ರಲ್ಲಿ ಗ್ರೇ ಮತ್ತು ಪ್ಯಾಟ್ರಿಕ್ ಕೊವೆಲ್ಲೊ ತೋರಿಸಿದರು. ಯುರೋಪಿನ ಎರಡು ತಂಡಗಳೂ ಅದೇ ವರ್ಷ ಇದೇ ತೀರ್ಮಾನಕ್ಕೆ ಬಂದವು.

ಮೂಲಕ್ಕೆ ಹತ್ತಿರದ ಜೀನೋಮ್

ಗ್ರೇ, ಮಾಂಟ್ರಿಯಲ್‌ನ ಫ್ರಾಂಜ್ ಲಾಂಗ್ ಮತ್ತು ಗೆರ್ಟ್ರೌಡ್ ಬರ್ಗರ್ ಅವರ ತಂಡ 1997ರಲ್ಲಿ ‘ರೆಕ್ಲಿನೊಮೊನಾಸ್ ಅಮೆರಿಕಾನಾ’ ಎಂಬ ಸಿಹಿನೀರಿನ ಏಕಕೋಶ ಜೀವಿಯ ಮೈಟೊಕಾಂಡ್ರಿಯಾ ಜೀನೋಮನ್ನು ಪ್ರಕಟಿಸಿತು. 69,034 ಬೇಸ್ ಜೋಡಿಗಳಲ್ಲಿ 97 ಜೀನ್‌ಗಳು. ಅಷ್ಟು ಜೀನ್‌ಗಳು ಅಲ್ಲಿಯವರೆಗೆ ಯಾವ ಮೈಟೊಕಾಂಡ್ರಿಯಾದಲ್ಲೂ ಸಿಕ್ಕಿರಲಿಲ್ಲ. ಬ್ಯಾಕ್ಟೀರಿಯಾ ಮಾದರಿಯ ಆರ್‌ಎನ್‌ಎ ಪಾಲಿಮರೇಸ್‌ನ ನಾಲ್ಕು ಜೀನ್‌ಗಳೂ ಅದರಲ್ಲಿದ್ದವು. ನಮ್ಮ ಮೈಟೊಕಾಂಡ್ರಿಯಾದಲ್ಲಿ ಆರ್‌ಎನ್‌ಎ ತಯಾರಿಸುವುದು ವೈರಸ್ ಮಾದರಿಯ ಬೇರೊಂದು ಕಿಣ್ವ, ಅದರ ಜೀನ್ ಇರುವುದು ಕೋಶಕೇಂದ್ರದಲ್ಲಿ.

ಉಳಿದಿರುವ ಪ್ರಶ್ನೆ

ಮೈಟೊಕಾಂಡ್ರಿಯಾದ ಪ್ರೋಟೀನುಗಳಲ್ಲಿ ಹೆಚ್ಚಿನವು ಕೋಶಕೇಂದ್ರದ ಜೀನ್‌ಗಳಿಂದ ತಯಾರಾಗುತ್ತವೆ. ಒಟ್ಟು ಪ್ರೋಟೀನುಗಳಲ್ಲಿ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾ ಮೂಲದವು ಶೇ 10ರಿಂದ 20 ಮಾತ್ರ ಎಂಬುದನ್ನು ಗ್ರೇ ಮುಂದಿಟ್ಟಿದ್ದಾರೆ. ಉಳಿದವು ಹೇಗೆ ಸೇರಿಕೊಂಡವು, ಆಶ್ರಯ ಕೊಟ್ಟ ಕೋಶ ಎಂಥದ್ದು ಎಂಬ ಚರ್ಚೆ ಮುಂದುವರಿದಿದೆ. ಮೈಟೊಕಾಂಡ್ರಿಯಾದ ಜೀನೋಮ್ ಬ್ಯಾಕ್ಟೀರಿಯಾದಿಂದಲೇ ಬಂದದ್ದು ಎಂಬ ಬಗ್ಗೆ ಮಾತ್ರ ಇಂದು ತಕರಾರಿಲ್ಲ.