ಚೌಕಟ್ಟಿನ ಮುಕ್ತ ಕಂಪನ

ಭೂಕಂಪ, ಬಿರುಗಾಳಿ ಅಥವಾ ಸ್ಫೋಟದ ಹೊಡೆತ ನಿಂತ ಮೇಲೂ ಕಟ್ಟಡದ ಪಿಲ್ಲರ್-ಬೀಮುಗಳ ಚೌಕಟ್ಟು ತನ್ನಷ್ಟಕ್ಕೆ ಓಲಾಡುವುದೇ ಮುಕ್ತ ಕಂಪನ. ತೂಗುವ ಕೈ ಬಿಟ್ಟರೂ ತೊಟ್ಟಿಲು ಆಡುತ್ತಲೇ ಇರುತ್ತದೆ. ಆಗಿನ ಲಯ ತೂಗಿದವರದಲ್ಲ, ತೊಟ್ಟಿಲಿನದು. ಚೌಕಟ್ಟಿನ ಲಯ ಅದರ ತೂಕ ಮತ್ತು ಬಿಗಿತಕ್ಕೆ ಸೇರಿದ್ದು. ಒಂದು ಪೂರ್ಣ ಓಲಾಟಕ್ಕೆ ಹಿಡಿಯುವ ಹೊತ್ತು ಸಹಜ ಅವಧಿ. ಓಲಾಟವನ್ನು ಸುತ್ತಿನಿಂದ ಸುತ್ತಿಗೆ ತಗ್ಗಿಸುವ ಗುಣ ಅವಮಂದನ.

ಈ ವಿಷಯದ ಗಣಿತ ಕಟ್ಟಡಗಳಿಂದ ಬಂದದ್ದಲ್ಲ. ತೂಕ ಮತ್ತು ಬಿಗಿತಗಳಿಗೆ ಅನುಗುಣವಾದ ಅವಮಂದನವನ್ನು ಇಂದಿಗೂ ಭೌತವಿಜ್ಞಾನಿ ರ‍್ಯಾಲೆಯ ಹೆಸರಿನಿಂದ ಕರೆಯುತ್ತಾರೆ. ಆತ 1877ರಲ್ಲಿ ಬರೆದದ್ದು ನಾದದ ಬಗ್ಗೆ. ಕಟ್ಟಡಗಳು ನಿಜವಾಗಿ ಹೇಗೆ ಓಲಾಡುತ್ತವೆ ಎಂದು ಅಳೆಯುವ ಕೆಲಸ ಜಪಾನಿನಲ್ಲಿ ಭೂಕಂಪ ವಿಜ್ಞಾನಿ ಒಮೊರಿಯಂಥವರಿಂದ, ಅನಂತರ 1930ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಬೆಳೆಯಿತು. ಭಾರತದಲ್ಲಿ ಎಂಜಿನಿಯರ್ ಜೈಕೃಷ್ಣ ಅವರ ಮುಂದಾಳುತನದಲ್ಲಿ ರೂರ್ಕಿಯ ಭೂಕಂಪ ಎಂಜಿನಿಯರಿಂಗ್ ಕೇಂದ್ರ 1960ರಲ್ಲಿ ಆರಂಭವಾಯಿತು. ಭೂಕಂಪ ವಿನ್ಯಾಸದ ಸಂಹಿತೆ ಐಎಸ್ 1893 ಮೊದಲು ಬಂದದ್ದು 1962ರಲ್ಲಿ. 1967ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕೊಯ್ನಾ ನಡುಗಿದಾಗ ಅಣೆಕಟ್ಟಿನಲ್ಲೇ ಇದ್ದ ಯಂತ್ರ ಅದನ್ನು ದಾಖಲಿಸಿತು. ಅಂದಿನಿಂದ ಲೆಕ್ಕದಲ್ಲಿ ಕೃತಕವಾಗಿ ನಡುಗಿಸಿ ನೋಡುವ ಪರೀಕ್ಷೆಗೆ ಸ್ವದೇಶದ್ದೇ ಒಂದು ದಾಖಲೆ ಸಿಕ್ಕಂತಾಯಿತು.

ಉಡುಪಿ ಕರಾವಳಿಯಲ್ಲಿ ಚೌಕಟ್ಟಿನ ಓಲಾಟದ ಪ್ರಶ್ನೆ ತಡವಾಗಿ ಎದ್ದಿತು. ಹೂಡೆ, ಕಾಪು, ಕಾರ್ಕಳದ ಹಳೆಯ ಮನೆಗಳಲ್ಲಿ ಹಂಚಿನ ಮಾಡಿನ ಭಾರ ಹೊರುವುದು ಗೋಡೆಯೇ. ಅಲ್ಲಿ ಓಲಾಡಲು ಚೌಕಟ್ಟೆಂಬುದೇ ಇಲ್ಲ. ಮಣಿಪಾಲದಂಥಲ್ಲಿ ಮಹಡಿಗಳು ಏರಿದ ಮೇಲೆ ಭಾರ ಕಾಂಕ್ರೀಟ್ ಪಿಲ್ಲರುಗಳಿಗೆ ಬಂತು, ಕೆಂಪುಕಲ್ಲು ನಡುವಿನ ಭರ್ತಿಯಾಯಿತು. ಐಎಸ್ 1893ರ 2016ರ ಆವೃತ್ತಿಯ ಭೂಕಂಪ ವಲಯಗಳ ನಕ್ಷೆಯಲ್ಲಿ ಈ ಕರಾವಳಿ 3ನೇ ವಲಯದ್ದು. ಅದೇ ಸಂಹಿತೆಯ ಸೂತ್ರದಂತೆ 12 ಮೀಟರ್ ಎತ್ತರದ ಬರಿ ಚೌಕಟ್ಟಿನ ಅವಧಿ ಸುಮಾರು 0.48 ಸೆಕೆಂಡು. ಕಲ್ಲಿನ ಗೋಡೆ ತುಂಬಿ, ತಳದ ಉದ್ದ 16 ಮೀಟರ್ ಇದ್ದರೆ ಅದು 0.27ಕ್ಕೆ ಇಳಿಯುತ್ತದೆ. ಗೋಡೆಯನ್ನು ಬರಿಯ ತೂಕವೆಂದು ಎಣಿಸಿ, ಅದರ ಬಿಗಿತವನ್ನು ಬಿಟ್ಟು ಲೆಕ್ಕ ಹಾಕಿದವರಿಗೆ ಬೇರೆಯೇ ಕಟ್ಟಡದ ಉತ್ತರ ಸಿಗುತ್ತದೆ.

ಕಂಪ್ಯೂಟರಿನಲ್ಲಿ ಕೃತಕ ಹೊಡೆತ ಕೊಟ್ಟು ನೋಡುವ ರೂಢಿಗೆ ಬುನಾದಿ ಹಾಕಿದ್ದು 1959ರಲ್ಲಿ ಎಂಜಿನಿಯರ್ ನ್ಯೂಮಾರ್ಕ್ ಕೊಟ್ಟ ವಿಧಾನ: ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಒಂದೊಂದು ಹೆಜ್ಜೆಯ ಚಲನೆಯನ್ನು ಲೆಕ್ಕ ಹಾಕುವುದು. ಹೊಡೆತ ಮುಗಿದ ಕ್ಷಣದ ಸ್ಥಾನ ಮತ್ತು ವೇಗವೇ ಮುಕ್ತ ಕಂಪನದ ಆರಂಭ. ಹಲವರು ಎಡವುವುದು ಇಲ್ಲೇ. ದಾಖಲೆ ಮುಗಿದ ಕೂಡಲೇ ಲೆಕ್ಕವನ್ನೂ ನಿಲ್ಲಿಸಿಬಿಡುತ್ತಾರೆ. ಒಂದೇ ಸಮನಾದ ಬಲ ಸಹಜ ಅವಧಿಯ ಅರ್ಧಕ್ಕಿಂತ ಕಡಿಮೆ ಹೊತ್ತು ಇದ್ದರೆ, ಚೌಕಟ್ಟು ಅತಿ ಹೆಚ್ಚು ಬಾಗುವುದು ಬಲ ಹೋದ ಮೇಲೆಯೇ. ಮೇಲಿನ 0.48 ಸೆಕೆಂಡಿನ ಚೌಕಟ್ಟಿಗೆ 0.1 ಸೆಕೆಂಡಿನ ಹೊಡೆತ ಕೊಟ್ಟು ಅಲ್ಲಿಗೇ ನಿಲ್ಲಿಸಿದವರು ಮುಖ್ಯ ಸಂಖ್ಯೆಯನ್ನು ಕಂಡಿರುವುದೇ ಇಲ್ಲ.

ಲೆಕ್ಕದ ಸಾಚಾತನ ಬಯಲಾಗುವುದೂ ಈ ಹಂತದಲ್ಲೇ. ಅವಮಂದನವನ್ನು ಸೊನ್ನೆ ಇಟ್ಟಾಗ ಓಲಾಟ ಕುಗ್ಗಬಾರದು. ಕುಗ್ಗಿದರೆ ಅದು ಕಟ್ಟಡದ ಗುಣವಲ್ಲ, ಲೆಕ್ಕದ ವಿಧಾನ ನುಂಗಿದ ಶಕ್ತಿ. ನ್ಯೂಮಾರ್ಕನ ಸರಾಸರಿ ವೇಗೋತ್ಕರ್ಷದ ಕ್ರಮದಲ್ಲಿ ಈ ದೋಷ ಇಲ್ಲ, ಆದರೆ ಹೆಜ್ಜೆ ದೊಡ್ಡದಾದರೆ ಅವಧಿ ಉದ್ದವಾಗಿ ಕಾಣುತ್ತದೆ. ಕಂಬಿಗಳು ಬಾಗಿ ಮಣಿದಿದ್ದರೆ ಚೌಕಟ್ಟು ಮೂಲ ಸ್ಥಾನಕ್ಕೆ ಮರಳುವುದಿಲ್ಲ. ವಾಲಿದ ಹೊಸ ನೆಲೆಯ ಸುತ್ತಲೇ ಆಡಿ ನಿಲ್ಲುತ್ತದೆ. ಉಳಿದ ವಾಲುವಿಕೆ ತಿಳಿಯಲು ಆ ಓಲಾಟ ಅಡಗುವವರೆಗೆ ಕಾಯಲೇಬೇಕು.

ಕಾಯುವ ಹೊತ್ತನ್ನು ಅವಮಂದನ ಹೇಳುತ್ತದೆ. ಅದು ಓಲಾಟವನ್ನೇ ತಡೆಯುವ ಮಟ್ಟದ ಶೇ. 5 ಇದ್ದರೆ ಪ್ರತಿ ಸುತ್ತಿಗೂ ಓಲಾಟ ಹಿಂದಿನದರ ಶೇ. 73ಕ್ಕೆ ಇಳಿದು, 10 ಸುತ್ತುಗಳಲ್ಲಿ ಶೇ. 4ರಷ್ಟಾಗುತ್ತದೆ, ಮೇಲಿನ ಬರಿ ಚೌಕಟ್ಟಿಗೆ ಇದು ಸುಮಾರು 5 ಸೆಕೆಂಡು. ಶೇ. 2 ಆದರೆ ಅಷ್ಟೇ ಸುತ್ತುಗಳ ನಂತರವೂ ಶೇ. 28 ಉಳಿದಿರುತ್ತದೆ.