ಒಂಟಿ ಪಯಣಿಗನಿಗೆ ನಗರ್ತಪೇಟೆಯ ಪಾಠ

ಲಂಡನ್ನಿಗೆ ಒಬ್ಬರೇ ಹೊರಡುವ ತರುಣ ತರುಣಿಯರು ನಮ್ಮ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಈಗ ಕಡಮೆಯೇನಿಲ್ಲ. ಹೊರಡುವ ಮುನ್ನ ಹಿರಿಯರಲ್ಲಿ ಎರಡು ಬುದ್ಧಿಮಾತು ಕೇಳುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲವಾದ್ದರಿಂದ, ನನ್ನಂಥವನನ್ನೂ ಕೆಲವರು ಕೇಳುವುದುಂಟು: ಗುರುತು ಪರಿಚಯವಿಲ್ಲದ ಹಳೆಯ ಊರನ್ನು ಒಂಟಿಯಾಗಿ ನೋಡುವುದು ಹೇಗೆ? ನಾನು ಕೊಡುವ ಉತ್ತರ ಒಂದೇ. ಮೊದಲು ಒಂದು ಬೆಳಗ್ಗೆ ನಗರ್ತಪೇಟೆಯಲ್ಲಿ ನಡೆದು ಬನ್ನಿ. ಕೇಳಿದವರು ನಗುತ್ತಾರೆ. ಆದರೆ ಇದು ನಗೆಯ ಮಾತಲ್ಲ.

ಗೋಡೆಯೊಳಗೆ ಹುಟ್ಟಿ ಬೆಳೆದ ಊರುಗಳೆಲ್ಲ ಒಂದೇ ಕುಲದವು. ಲಂಡನ್ನಿನ ಹಳೆಯ ನಗರಕ್ಕೆ ರೋಮನರ ಕಾಲದ ಗೋಡೆಯಿತ್ತು. ಲಡ್‌ಗೇಟ್, ಆಲ್ಡ್‌ಗೇಟ್, ಬಿಷಪ್ಸ್‌ಗೇಟ್ ಎಂಬ ಬಾಗಿಲುಗಳಿದ್ದುವು. 1760ರ ಸುಮಾರಿಗೆ ಅವನ್ನು ಕೆಡವಿದರು. ಹೆಸರುಗಳು ಮಾತ್ರ ಉಳಿದುವು. ಅಲ್ಲಿನ ಚೀಪ್‌ಸೈಡ್ ಬೀದಿಯ ಹೆಸರಿಗೂ ಅಗ್ಗದ ಸಾಮಾನಿಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ಸಂತೆ, ಪೇಟೆ ಎಂದೇ ಅರ್ಥ. ಅದರಿಂದ ಕವಲೊಡೆಯುವ ಬೀದಿಗಳು ರೊಟ್ಟಿಯ ಬೀದಿ, ಹಾಲಿನ ಬೀದಿ. ನಮ್ಮ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆಗಳನ್ನು ಬಲ್ಲವನಿಗೆ ಅಲ್ಲಿ ದಾರಿ ತಪ್ಪುವ ಭಯವಿಲ್ಲ.

ಕೆಂಪೇಗೌಡ 1537ರಲ್ಲಿ ಕಟ್ಟಿಸಿದ ಪೇಟೆಗೂ ಮಣ್ಣಿನ ಕೋಟೆಯಿತ್ತು. ಹಲಸೂರು, ಯಲಹಂಕ, ಕೆಂಗೇರಿ, ಆನೇಕಲ್ ದಿಕ್ಕುಗಳಿಗೆ ಬಾಗಿಲುಗಳಿದ್ದುವು. ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೂಡಿ ಬೀದಿಗಳನ್ನು ಗುರುತಿಸಿದರೆಂದು ಪ್ರತೀತಿ. ಆ ಚೌಕದಿಂದ ಮೂಡಣಕ್ಕೆ, ಹಲಸೂರು ಬಾಗಿಲಿನ ಕಡೆಗೆ ಸಾಗುವ ಬೀದಿಯೇ ನಗರ್ತಪೇಟೆ. ನಮ್ಮ ಶಾಸನಗಳಲ್ಲಿ ‘ನಗರ’, ‘ನಕರ’ ಎಂದರೆ ವರ್ತಕರ ಸಂಘ. ಆ ಮಾತಿನ ನೆರಳು ನಗರ್ತರೆಂಬ ವ್ಯಾಪಾರಿ ಜನರ ಹೆಸರಿನಲ್ಲೂ, ಅವರ ನಗರೇಶ್ವರನ ಹೆಸರಿನಲ್ಲೂ ಇದೆಯೆಂದು ನನಗೆ ತೋರುತ್ತದೆ.

ಇನ್ನು ನಡೆಯುವ ಬಗೆ. ಗಾಡಿಯನ್ನು ಮನೆಯಲ್ಲೇ ಬಿಡಿ. ಚಿಕ್ಕಪೇಟೆಗೆ 2017ರಿಂದ ನೆಲದಡಿಯ ಮೆಟ್ರೋ ಉಂಟು. ಅಲ್ಲಿ ಇಳಿದು ಸೂರ್ಯ ಮುಖಕ್ಕೆ ಬೀಳುವ ಹಾಗೆ ಹೆಜ್ಜೆ ಹಾಕಿ. ಅಂಗಡಿಗಳು ತೆರೆಯುವ ಮುಂಚಿನ ಹೊತ್ತು ಒಳ್ಳೆಯದು. ಆಗ ಕಣ್ಣು ಸರಕಿನ ಮೇಲೆ ಬೀಳದೆ ಕಟ್ಟಡದ ಮೇಲೆ ಬೀಳುತ್ತದೆ. ಮೇಲೆ ನೋಡಿ: ಹಲಗೆಗಳ ಹಿಂದೆ ಎಲ್ಲೋ ಒಂದು ಮರದ ಕಂಬ, ಒಂದು ಹಳೆಯ ಜಗಲಿಯ ತುಣುಕು ಇಣುಕುತ್ತದೆ. ಸಂದಿಯೊಳಗೆ ಹೊಕ್ಕರೆ ಅದು ಯಾರದೋ ಮನೆಯ ಅಂಗಳವಾಗಿರಬಹುದು. ಬಾಗಿಲಲ್ಲೇ ನಿಂತು ಕೇಳಿ. ಅಕ್ಕಸಾಲಿಗನ ಕೈಗೆಲಸ ನೋಡಲಡ್ಡಿಯಿಲ್ಲ. ಚಿತ್ರ ತೆಗೆಯಬೇಕಾದರೆ ಅವನ ಅಪ್ಪಣೆ ಬೇಕು. ಕಾಳಿಕಾಂಬೆಯ ಗುಡಿಗೆ ಹೋದರೆ ಚಪ್ಪಲಿ ಹೊರಗೆ, ಮಾತು ಮೆಲ್ಲಗೆ. ದಾರಿ ಕೇಳುವಾಗ ‘ಯಜಮಾನರೆ’, ‘ಅಮ್ಮಾ’ ಎಂದು ಒಂದು ಮಾತು ಸೇರಿಸಿ. ಉತ್ತರ ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಉರ್ದುವಿನಲ್ಲೋ ಮಾರವಾಡಿಯಲ್ಲೋ ಬಂದೀತು, ಆದರೆ ಬಂದೇ ಬರುತ್ತದೆ. ಗುಂಪಿನಲ್ಲಿ ಹೋದವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಒಂಟಿ ಹೋದವನು ಊರಿನೊಡನೆ ಮಾತಾಡಲೇಬೇಕು. ಒಂಟಿತನದ ಲಾಭವೇ ಇದು.

1800ರಲ್ಲಿ ಇಲ್ಲಿಗೆ ಬಂದ ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕಾನನ್ ಒಂಟಿಯೇನಲ್ಲ. ಗೆದ್ದ ಕಂಪನಿಯ ಆಜ್ಞೆಯೂ ಪರಿವಾರವೂ ಅವನ ಬೆನ್ನಿಗಿದ್ದುವು. ಆದರೂ ನೇಕಾರರನ್ನೂ ವರ್ತಕರನ್ನೂ ವಿಚಾರಿಸಿ, ಯಾರು ಏನು ನೇಯುತ್ತಾರೆ, ಸರಕು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಬರೆದಿಟ್ಟನು. ಕೇಳಿ ತಿಳಿಯುವ ಆ ಗುಣವನ್ನು ಅವನಿಂದ ಕಲಿಯಬಹುದು.

ಬೀದಿಯ ಕೊನೆಯಲ್ಲಿ ಹಲಸೂರು ಗೇಟ್ ಎಂಬ ಹೆಸರಿದೆ, ಗೇಟಿಲ್ಲ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಪೇಟೆಯ ಬಾಗಿಲನ್ನೊಡೆದು ನುಗ್ಗಿತು. ಕರ್ನಲ್ ಮೂರ್‌ಹೌಸ್ ಆ ಕಾಳಗದಲ್ಲಿ ಬಿದ್ದನು. ಎರಡು ವಾರದ ಮೇಲೆ ಕೋಟೆಯೂ ಬಿತ್ತು. ಕಿಲ್ಲೇದಾರ ಬಹಾದೂರ್ ಖಾನ್ ಕಾದಾಡುತ್ತಲೇ ಮಡಿದನು. ಆ ದಳಪತಿಯ ಮರಣದ ಚಿತ್ರ ಲಂಡನ್ನಿನಲ್ಲಿ ಸಿಕ್ಕುತ್ತದೆ. ನಮ್ಮ ಬಾಗಿಲ ಕಲ್ಲು ಬೆಂಗಳೂರಿನಲ್ಲಿ ಸಿಕ್ಕುವುದಿಲ್ಲ. ಉಳಿದಿರುವುದು ಹೆಸರೊಂದೇ. ದೊಡ್ಡಪೇಟೆ ‘ಅವೆನ್ಯೂ ರಸ್ತೆ’ಯಾದಾಗ ಅಂಥ ಹೆಸರೊಂದು ಹೋಯಿತು, ಚಿಕ್ಕಪೇಟೆ ಯಾವುದಕ್ಕಿಂತ ಚಿಕ್ಕದೆಂದು ಮಕ್ಕಳು ಕೇಳಿದರೆ ಈಗ ತೋರಿಸಲು ಬೀದಿಯಿದೆ, ಹೆಸರಿಲ್ಲ.

ಹಾಗೆಂದು ಹಳೆಯದೆಲ್ಲ ಇದ್ದಂತೆಯೇ ಇರಲಿ ಎಂದು ನಾನು ಹೇಳುವವನಲ್ಲ. 1898ರ ಪ್ಲೇಗು ಈ ಇಕ್ಕಟ್ಟಿನಿಂದ ಎಷ್ಟೋ ಮನೆತನಗಳನ್ನು ಹೊರಗಟ್ಟಿತು. ಬಸವನಗುಡಿ, ಮಲ್ಲೇಶ್ವರಗಳು ತುಂಬಿದ್ದು ಆ ಬಳಿಕ. ಹೋದವರು ಹೋದರು, ಉಳಿದವರು ಕೆಳಗೆ ಅಂಗಡಿ, ಮೇಲೆ ಸಂಸಾರ ಎಂದು ಇಂದಿಗೂ ಬಾಳುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಇದೇ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಳಗಿನ ಜಾವ ಬೆಂಕಿ ಹತ್ತಿ ಐದು ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು.

ಲಂಡನ್ ಕೂಡ 1666ರಲ್ಲಿ ಹೀಗೆ ಬೆಂದ ಊರು. ಹದಿಮೂರು ಸಾವಿರಕ್ಕೂ ಮಿಕ್ಕಿ ಮನೆಗಳು ಸುಟ್ಟುಹೋದುವು. ಮರುವರ್ಷವೇ ಕಾನೂನು ಬಂತು: ಇನ್ನು ಮೇಲೆ ಮನೆಗಳು ಇಟ್ಟಿಗೆಯವೋ ಕಲ್ಲಿನವೋ ಆಗಬೇಕು. ಕೆಲವು ಬೀದಿಗಳನ್ನು ಅಗಲಮಾಡಿದರು. ಆದರೆ ಬೀದಿಗಳ ಹಳೆಯ ಜಾಡನ್ನೂ ಹೆಸರನ್ನೂ ಬಹುಮಟ್ಟಿಗೆ ಉಳಿಸಿಕೊಂಡರು. ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಗೋಪುರ, ಸೇತುವೆಗಳ ಜೊತೆಗೆ ಇದನ್ನೂ ನೋಡಿಬರಲಿ. ಬೀದಿಯ ಹೆಸರು ಉಳಿಯಬೇಕು. ಅದರ ಮಾಳಿಗೆಯಲ್ಲಿ ಮಲಗುವವರ ಪ್ರಾಣವೂ ಉಳಿಯಬೇಕು. ಒಂದಕ್ಕಾಗಿ ಇನ್ನೊಂದನ್ನು ಬಲಿಗೊಡಬೇಕಾಗಿಲ್ಲವೆಂಬುದಕ್ಕೆ ಆ ಊರೇ ಸಾಕ್ಷಿ.