ಮಾಗುವ ಬಾವು, ಮಾಗದ ಅರ್ಬುದ: ಒಂದು ವೈದ್ಯವಿಚಾರದ ಇತಿಹಾಸ

ನಾಸಿಕ ಜಿಲ್ಲೆಯ ಸಿನ್ನರದಿಂದ ಆಳಿ, ಅನಂತರ ಇಂದಿನ ಛತ್ರಪತಿ ಸಂಭಾಜಿನಗರದ ಬಳಿಯ ದೇವಗಿರಿಯಲ್ಲಿ ನೆಲೆನಿಂತ ಸೇವುಣರು ಕನ್ನಡದಲ್ಲಿ ಅನೇಕ ಶಾಸನಗಳನ್ನು ಬರೆಯಿಸಿದ ಸಂಗತಿ ಇತಿಹಾಸಾಸಕ್ತರಿಗೆ ವಿದಿತವೇ ಇದೆ. ಅವರ ಮಂತ್ರಿಯಾದ ಹೇಮಾದ್ರಿಯು 13ನೆಯ ಶತಮಾನದಲ್ಲಿ ವಾಗ್ಭಟನ ಅಷ್ಟಾಂಗಹೃದಯಕ್ಕೆ ‘ಆಯುರ್ವೇದರಸಾಯನ’ವೆಂಬ ವ್ಯಾಖ್ಯಾನವನ್ನು ರಚಿಸಿದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ವಾಗ್ಭಟನ ಗ್ರಂಥದ ಪ್ರಕಾರ ಶೋಫಕ್ಕೆ, ಎಂದರೆ ಉರಿಯೂತಕ್ಕೆ, ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳುಂಟು. ಅರ್ಬುದವಾದರೋ ಪ್ರಾಯಶಃ ಪಕ್ವವಾಗದು. ಹೀಗೆ ಲಕ್ಷಣದಿಂದ ಬೇರ್ಪಟ್ಟ ಈ ಎರಡರ ನಡುವೆ ಕಾರಣಸಂಬಂಧವೇನಾದರೂ ಇದೆಯೇ? ಈ ಪ್ರಶ್ನೆ ಇತ್ಯರ್ಥಕ್ಕೆ ಬರಲು ಶತಮಾನಗಳೇ ಬೇಕಾದುವು.

ಜರ್ಮನಿಯ ರುಡಾಲ್ಫ್ ವಿರ್ಖೋ 1863ರಲ್ಲಿ ಗಡ್ಡೆಗಳೊಳಗೆ ಬಿಳಿಯ ರಕ್ತಕಣಗಳನ್ನು ಕಂಡು, ಬಹುಕಾಲ ಕೆರಳಿದ ತಾಣಗಳಲ್ಲಿ ಕ್ಯಾನ್ಸರ್ ಹುಟ್ಟುತ್ತದೆಂದು ತರ್ಕಿಸಿದನು. ಆ ತರ್ಕಕ್ಕೆ ಆಧಾರಗಳು ಒದಗಿದ್ದು ಬಹಳ ತಡವಾಗಿ. 1971ರಲ್ಲಿ ಎರಡು ಶೋಧಗಳು ಬೇರೆ ಬೇರೆ ದಾರಿಗಳಿಂದ ಹೊರಬಂದುವು. ಆಸ್ಪಿರಿನ್ ಪ್ರೋಸ್ಟಗ್ಲಾಂಡಿನ್‌ಗಳ ಉತ್ಪತ್ತಿಯನ್ನು ತಡೆಯುತ್ತದೆಂದು ಲಂಡನ್ನಿನಲ್ಲಿ ಜಾನ್ ವೇನ್ ಅವರು ತೋರಿಸಿದರು. ಹೊಸ ರಕ್ತನಾಳಗಳನ್ನು ತನ್ನೆಡೆಗೆ ಸೆಳೆದುಕೊಳ್ಳದ ಗಡ್ಡೆ ಕೆಲವೇ ಮಿಲಿಮೀಟರುಗಳಿಗೆ ನಿಂತುಬಿಡುತ್ತದೆಂದು ಬೋಸ್ಟನ್ನಿನಲ್ಲಿ ಜೂಡಾ ಫೋಕ್‌ಮನ್ ಅವರು ವಾದಿಸಿದರು. ಒಂದು ಉರಿಯೂತದ ಮಾತು, ಇನ್ನೊಂದು ರಕ್ತನಾಳದ ಮಾತು. ಇವೆರಡೂ ಕೂಡಲು ಮತ್ತೆ ಕಾಲು ಶತಮಾನ ಹಿಡಿಯಿತು.

1986ರಲ್ಲಿ ಹೆರಾಲ್ಡ್ ಡ್ವೊರಾಕ್ ಅವರು ಅರ್ಬುದವನ್ನು ಮಾಯದ ಗಾಯಕ್ಕೆ ಹೋಲಿಸಿದರು. 1998ರಲ್ಲಿ ಅಮೆರಿಕದ ರೇಮಂಡ್ ಡುಬೊಯ್ ಅವರ ತಂಡವು ಸೈಕ್ಲೋಆಕ್ಸಿಜನೇಸ್-2 ಎಂಬ ಉರಿಯೂತದ ಕಿಣ್ವ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಾದಾಗ ರಕ್ತನಾಳಗಳ ರಚನೆಯೂ ಪ್ರಚೋದಿತವಾಗುವುದೆಂದು ತೋರಿಸಿತು. ಅದರ ಕ್ರಮವಿದು: ಫಾಸ್ಫೊಲೈಪೇಸ್ ಎಂಬ ಕಿಣ್ವ ಜೀವಕೋಶದ ಪೊರೆಯಿಂದ ಅರಾಕಿಡಾನಿಕ್ ಆಮ್ಲವನ್ನು ಬಿಡಿಸುತ್ತದೆ, ಸೈಕ್ಲೋಆಕ್ಸಿಜನೇಸ್ ಅದನ್ನು ಪ್ರೋಸ್ಟಗ್ಲಾಂಡಿನ್ ಆಗುವತ್ತ ಒಯ್ಯುತ್ತದೆ, ಪ್ರೋಸ್ಟಗ್ಲಾಂಡಿನ್ ರಕ್ತನಾಳಗಳನ್ನು ಬೆಳೆಸುವ ಪ್ರೋಟೀನಿನ ಉತ್ಪತ್ತಿಯನ್ನು ಹೆಚ್ಚಿಸುತ್ತದೆ, ಮೆಟಲೋಪ್ರೋಟೀನೇಸ್‌ಗಳು ಸುತ್ತಣ ಊತಕದ ಕಟ್ಟನ್ನು ಸಡಿಲಿಸಿ ಹೊಸ ನಾಳಕ್ಕೆ ಹಾದಿ ಬಿಡಿಸುತ್ತವೆ. ಗಾಯದಲ್ಲಿ ಈ ಕಾರ್ಯ ಮುಗಿದು ನಿಲ್ಲುತ್ತದೆ, ಅರ್ಬುದದಲ್ಲಿ ನಿಲ್ಲದು. ಕಿಣ್ವವನ್ನರಿಯದ ಪ್ರಾಚೀನರು ಕಣ್ಣಿನಿಂದ ಕಂಡ ಭೇದದ ತಳಹದಿ ಇಲ್ಲಿ ಒಂದಿಷ್ಟು ಗೋಚರಿಸುತ್ತದೆ.

ಆದರೆ ಕಿಣ್ವವನ್ನು ತಡೆದರೆ ರೋಗ ನಿಂತೀತೆಂಬ ಆಶೆ ಅಷ್ಟು ಸುಲಭವಾಗಿ ಫಲಿಸಲಿಲ್ಲ. 1999ರಲ್ಲಿ ಸೆಲೆಕಾಕ್ಸಿಬ್ ಔಷಧಕ್ಕೆ ವಂಶಪಾರಂಪರ್ಯವಾದ ಕರುಳಿನ ಪಾಲಿಪ್ ರೋಗದಲ್ಲಿ ಅಮೆರಿಕದ ಅನುಮತಿ ದೊರೆಯಿತು. ಅದೇ ವರ್ಗದ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯವನ್ನು ಹೆಚ್ಚಿಸುವುದೆಂದು ತಿಳಿದು 2004ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟಿತು. ಅದೇ ವರ್ಷ ನಾಳಗಳನ್ನು ಬೆಳೆಸುವ ಪ್ರೋಟೀನನ್ನೇ ತಡೆಯುವ ಬೆವಾಸಿಜುಮಾಬ್ ಚಿಕಿತ್ಸೆಗೆ ಬಂದಿತು. ಗಾಯವನ್ನು ಮಾಯಿಸುವ ಶಕ್ತಿಯೇ ಗಡ್ಡೆಯನ್ನು ಪೋಷಿಸುವುದಾದರೆ, ಅದನ್ನು ಅಡ್ಡಿಪಡಿಸುವವನು ಎರಡರ ಲೆಕ್ಕವನ್ನೂ ಇಡಬೇಕು.

ಈ ಎಚ್ಚರಿಕೆ ಮನೆಮಾತಾದ ವಸ್ತುಗಳಿಗೂ ಸಲ್ಲುತ್ತದೆ. ನಾಸಿಕವು ಪ್ರಸಿದ್ಧವಾಗಿರುವ ದ್ರಾಕ್ಷಿಯಲ್ಲಿ ರೆಸ್ವೆರಾಟ್ರಾಲ್ ಎಂಬ ವಸ್ತುವಿದೆ. ಅದು ಸೈಕ್ಲೋಆಕ್ಸಿಜನೇಸನ್ನು ತಡೆದು ಇಲಿಗಳ ಚರ್ಮದ ಗಡ್ಡೆಗಳನ್ನು ಕುಂದಿಸಿತೆಂದು 1997ರಲ್ಲಿ ಶಿಕಾಗೋದ ಸಂಶೋಧಕರು ವರದಿಮಾಡಿದರು. 2002ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭಾರತಿ ಸಾಲಿಮಠ ಮತ್ತು ಸಂಗಡಿಗರು ಅರಿಸಿನದ ಕರ್ಕ್ಯುಮಿನ್ ಇಲಿಗಳ ಗಡ್ಡೆಯಲ್ಲಿ ರಕ್ತನಾಳ ರಚನೆಯನ್ನು ತಡೆಯುವುದನ್ನು ಪ್ರಕಟಿಸಿದರು. ಕನ್ನಡ ನಾಡಿಗೆ ಇದು ಹೆಮ್ಮೆಯ ಕಾರ್ಯ. ಆದರೆ ಈ ವಸ್ತುಗಳು ಬಾಯಿಯ ಮೂಲಕ ಸೇವಿಸಿದಾಗ ರಕ್ತದಲ್ಲಿ ಅತ್ಯಲ್ಪವಾಗಿ ಉಳಿಯುತ್ತವೆ. ಇಲಿಯಲ್ಲಿ ಕಂಡುದು ಮನುಷ್ಯನ ಚಿಕಿತ್ಸೆಯಲ್ಲ. ದ್ರಾಕ್ಷಿಯನ್ನೋ ಅರಿಸಿನವನ್ನೋ ನೆಚ್ಚಿ ವೈದ್ಯನ ಬಳಿಗೆ ತಡವಾಗಿ ಹೋಗುವ ರೋಗಿಗೆ ಈ ಶೋಧಗಳ ಹೆಸರಿನಲ್ಲಿ ಅಭಯವೀಯುವುದು ಶಾಸ್ತ್ರಸಮ್ಮತವೆನಿಸದು. ಬಾವು ಆಮವೋ ಪಕ್ವವೋ ಎಂದು ಪರೀಕ್ಷಿಸದೆ ಶಸ್ತ್ರವನ್ನು ಹಿಡಿಯಬಾರದೆಂಬುದು ಹೇಮಾದ್ರಿಯು ವ್ಯಾಖ್ಯಾನಿಸಿದ ಶಾಸ್ತ್ರದ ವಿಧಿ. ಆ ವಿವೇಕವು ಹೊಸ ವಿಜ್ಞಾನಕ್ಕೂ ಪರಕೀಯವಲ್ಲ.